ತೋಳಕ್ಕೆ ಗೊತ್ತಿರುವುದು ಡೆಸ್ಕಿಗೆ ಗೊತ್ತಿಲ್ಲ

ಹೋದ ತಿಂಗಳು ನಾವು ಒಂದು ವಿಡಿಯೊ ಗೇಮ್ ಬಗ್ಗೆ ಭಾನುವಾರದ ಪುರವಣಿಗೆ ಬರೆದು ಕಳಿಸಿದೆವು. ಮಾರನೇ ದಿನ ವಾಟ್ಸಾಪಿನಲ್ಲಿ ಉತ್ತರ ಬಂತು. 'ಗೇಮ್ ಎಲ್ಲ ಮಕ್ಕಳ ಪುಟಕ್ಕೆ ಹೋಗುತ್ತೆ. ಮುನ್ನೂರು ಪದಕ್ಕೆ ಇಳಿಸಿ. ಮಕ್ಕಳನ್ನು ಮೊಬೈಲ್ ಚಟದಿಂದ ಬಿಡಿಸೋದು ಹೇಗೆ ಅಂತ ಒಂದು ಬಾಕ್ಸ್ ಮಾಡಿಕೊಡಿ.'

ನಾವು ಬರೆದಿದ್ದ ಗೇಮ್ ಶುರುವಾಗುವುದು ಬಾಡಿಗೆ ರೂಮೊಂದರಲ್ಲಿ. ಕುಡಿದ ಗಂಡಸೊಬ್ಬ ಒಬ್ಬ ಹೆಣ್ಣುಮಗಳಿಗೆ ಹೊಡೆಯುತ್ತಿದ್ದಾನೆ. ಅವಳಿಗೆ ಕೊಡಬೇಕಾದ ಕಾಸು ಕೊಟ್ಟಿಲ್ಲ. ಕೆಳಗಡೆ ಮನೆ ಮಾಲೀಕ 'ನನ್ನ ಮನೆ ಸಾಮಾನು ಹಾಳಾಗ್ತಿದೆ' ಎಂದು ಬಾಯಿ ಬಡಿದುಕೊಳ್ಳುತ್ತಿದ್ದಾನೆ. ಮಕ್ಕಳ ಪುಟಕ್ಕೆ ಹಾಕಿ ಸ್ವಾಮಿ, ಪರವಾಗಿಲ್ಲ. ಬಣ್ಣ ತುಂಬಲು ಜಾಗ ಬಿಡಿ.

ಆ ಪುಟಕ್ಕೆ ಒಗ್ಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ಬ್ಲಾಗ್ ಇರುವುದೇ ಅದಕ್ಕೆ. ಗೇಮಿನ ಹೆಸರು 'ದ ವುಲ್ಫ್ ಅಮಂಗ್ ಅಸ್'. ಅಮೆರಿಕದ ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಗೇಮ್ಸ್ ಎಂಬ ಕಂಪನಿ ಮಾಡಿದ್ದು. 2013ರ ಅಕ್ಟೋಬರಿನಿಂದ 2014ರ ಜುಲೈ ತನಕ ಐದು ಕಂತುಗಳಲ್ಲಿ ಬಂತು. ಹಳೆಯದೇ, ಹೌದು. ನಮಗೆ ಸಿಕ್ಕಿದ್ದು ಸೇಲ್‌ನಲ್ಲಿ, ತಡವಾಗಿ, ಹಳೇ ಲ್ಯಾಪ್‌ಟಾಪ್ ಮೇಲೆ. ನಮ್ಮ ಕೈಗೆ ಎಲ್ಲವೂ ಹಾಗೆಯೇ ಸಿಗುವುದು. ಇದಕ್ಕೆ ಮೂಲ 'ಫೇಬಲ್ಸ್' ಎಂಬ ಕಾಮಿಕ್ಸ್. ಬರೆದವರು ಬಿಲ್ ವಿಲ್ಲಿಂಗ್‌ಹ್ಯಾಮ್. 2002ರಲ್ಲಿ ಡಿಸಿ ಕಾಮಿಕ್ಸ್‌ನ ವರ್ಟಿಗೊ ಎಂಬ ಶಾಖೆಯಿಂದ ಹೊರಬರಲು ಶುರುವಾಗಿ, 2015ರಲ್ಲಿ 150ನೇ ಸಂಚಿಕೆಗೆ ನಿಂತಿತು. ಆಮೇಲೆ ಮತ್ತೊಂದಿಷ್ಟು ಬಂತು. ಗೇಮಿನ ಕತೆ ಕಾಮಿಕ್ಸಿನ ಕತೆಗಿಂತ ಹಿಂದಿನದು, 1986ರ ನ್ಯೂಯಾರ್ಕಿನದು. ಹಾಗಾಗಿ ಕಾಮಿಕ್ಸ್ ಓದದವರಿಗೂ ತೊಡಕಿಲ್ಲ.

ಅಜ್ಜಿಕತೆಯ ಜನರೆಲ್ಲ, ಅಂದರೆ ಸ್ನೋ ವೈಟ್, ಕೆಂಪು ಟೋಪಿ ಹುಡುಗಿಯನ್ನು ನುಂಗಿದ ತೋಳ, ಮೂರು ಹಂದಿಮರಿ, ಬ್ಯೂಟಿ, ಬೀಸ್ಟ್, ಇವರೆಲ್ಲ ತಮ್ಮ ಸೀಮೆ ಶತ್ರುವಿನ ಪಾಲಾದ ಮೇಲೆ ಓಡಿ ಬಂದು ನ್ಯೂಯಾರ್ಕಿನ ಒಂದು ಬೀದಿಯಲ್ಲಿ ಗುಟ್ಟಾಗಿ ಬದುಕುತ್ತಿದ್ದಾರೆ. ಗುಳೆ ಬಂದವರು. ಆ ಕೇರಿಗೆ ಫೇಬಲ್‌ಟೌನ್ ಎಂದು ಹೆಸರು. ಅಲ್ಲೊಂದು ಕಚೇರಿ, ಒಬ್ಬ ಮೇಯರ್, ಒಬ್ಬ ಉಪಮೇಯರ್, ಒಬ್ಬ ಶೆರಿಫ್. ಶೆರಿಫ್ ಅಂದರೆ ನಮ್ಮ ಪಿಎಸ್‌ಐ ಎಂದುಕೊಳ್ಳಿ. ಆ ಪಿಎಸ್‌ಐ ಯಾರೆಂದರೆ ತೋಳವೇ. ಬಿಗ್ಬಿ ವುಲ್ಫ್. ಹಿಂದೆ ಇವರಲ್ಲೇ ಎಷ್ಟೋ ಜನರನ್ನು ತಿಂದವನು, ಮನೆ ಉರುಳಿಸಿದವನು. ಈಗ ಒಂದೇ ಒಂದು ಕುರ್ಚಿ ಇರುವ ರೂಮಿನಲ್ಲಿ ಸಿಗರೇಟು ಸೇದುತ್ತ ಕೂತಿರುತ್ತಾನೆ. ಆ ಕುರ್ಚಿಯಲ್ಲೂ ಹೆಚ್ಚಾಗಿ ಹಂದಿಯೇ ಮಲಗಿರುತ್ತದೆ. ನನ್ನ ಮನೆ ಬೀಳಿಸಿದ್ದಕ್ಕೆ ಇಷ್ಟಾದರೂ ಮಾಡು ಎನ್ನುತ್ತದೆ. ನಾವು ಆಡುವುದು ಈ ತೋಳನಾಗಿ.

ಈ ಗೇಮಿನ ಮರ್ಮ ಇರುವುದು ಈ ಮುಂದಿನ ಕಾನೂನಿನಲ್ಲಿ. ಪ್ರಾಣಿ ರೂಪದವರು, ರಾಕ್ಷಸ ರೂಪದವರು ಊರಲ್ಲಿ ಇರಬೇಕಾದರೆ ಮನುಷ್ಯರ ಹಾಗೆ ಕಾಣಬೇಕು. ಅದಕ್ಕೆ 'ಗ್ಲಾಮರ್' ಎಂಬ ಮಾಟ ಹಾಕಿಸಿಕೊಳ್ಳಬೇಕು. ಮಾಟ ಹಾಕುವವರು ಕಚೇರಿಯ ಅಧೀನದ ಮಾಟಗಾತಿಯರು. ಅದಕ್ಕೆ ದುಡ್ಡು ಕೊಡಬೇಕು, ಬಹಳ ಕೊಡಬೇಕು, ಮತ್ತೆ ಮತ್ತೆ ಕೊಡಬೇಕು. ಕೊಡಲಾಗದವರನ್ನು ಊರಾಚೆ, ನಗರದಿಂದ ದೂರದ 'ಫಾರ್ಮ್' ಎಂಬ ಜಾಗಕ್ಕೆ ಸಾಗಿಸುತ್ತಾರೆ. ಅಲ್ಲಿಂದ ಹೊರಗೆ ಬರುವಂತಿಲ್ಲ. ಸುಂದರಿಯಾಗಿ ಹುಟ್ಟಿದ ಸ್ನೋ ವೈಟ್‌ಗೆ ಈ ಖರ್ಚಿಲ್ಲ. ಕಪ್ಪೆಯಾಗಿ ಹುಟ್ಟಿದವನಿಗೆ ಮನೆ ಬಾಡಿಗೆಯ ಜೊತೆಗೆ ಮುಖದ ಬಾಡಿಗೆಯೂ ಉಂಟು. ಹಾಗಾಗಿ ಬಡವರು ಕಳ್ಳಮಾರ್ಕೆಟ್ಟಿನ ಅಗ್ಗದ ಮಾಟಕ್ಕೆ ಹೋಗುತ್ತಾರೆ. ಅದಕ್ಕೂ ಕೈಸಾಲ ಮಾಡುತ್ತಾರೆ. ಸಾಲ ಕೊಡುವವನು ಒಬ್ಬ ಇದ್ದಾನೆ. ಅವನ ವಿಷಯ ಆಮೇಲೆ.

ಇಲ್ಲಿಂದ ಮುಂದೆ ಕತೆಯ ಗುಟ್ಟು ಒಡೆಯುತ್ತೇವೆ. ಹತ್ತು ವರ್ಷ ದಾಟಿದ ಗೇಮಿನ ಗುಟ್ಟಿಗೆ ನಾವು ಕಾವಲು ಕೂರುವುದಿಲ್ಲ. ಬೇಡ ಎನ್ನುವವರು ಆಡಿ ಬಂದು ಓದಿ.

ಮೊದಲ ರಾತ್ರಿ ಏಟು ತಿಂದ ಹೆಣ್ಣಿನ ಹೆಸರು ಫೇಯ್ತ್. ಬಿಗ್ಬಿ ಅವಳನ್ನು ಬಿಡಿಸುತ್ತಾನೆ. ಬೇಕಾದರೆ ಕೈಯಲ್ಲಿದ್ದ ಕಾಸನ್ನೆಲ್ಲ ಅವಳಿಗೆ ಕೊಡಬಹುದು. ಯಾರು ಏನು ಅಂತ ಕೇಳಿದರೆ ತುಟಿಗೆ ಬೀಗ ಬಿದ್ದಿದೆ ಎಂಬರ್ಥದ ಮಾತಾಡಿ ಹೋಗಿಬಿಡುತ್ತಾಳೆ. ಅದೇ ರಾತ್ರಿ ಅವಳ ತಲೆ ಮಾತ್ರ, ಕತ್ತರಿಸಿದ ತಲೆ, ಕಚೇರಿ ಇರುವ ಕಟ್ಟಡದ ಮೆಟ್ಟಿಲ ಮೇಲೆ ಸಿಗುತ್ತದೆ.

ಯಾರು ಈ ಫೇಯ್ತ್? ಯಾರಿಗೂ ಗೊತ್ತಿಲ್ಲ. ಅಷ್ಟು ದಿನ ಅದೇ ಊರಲ್ಲಿದ್ದವಳು. ತೋಳ, ಸ್ನೋ ವೈಟ್ ಇಬ್ಬರೂ ದಪ್ಪ ದಪ್ಪ ಪುಸ್ತಕ ಬಿಚ್ಚಿ ಹುಡುಕಿದ ಮೇಲೆ ತಿಳಿಯುತ್ತದೆ, ಅವಳು ಕತ್ತೆ ಚರ್ಮದ ಹುಡುಗಿ ಅಂತ. ಫ್ರಾನ್ಸಿನ ಪೆರೋ ಬರೆದ ಕತೆಯಲ್ಲೂ, ಜರ್ಮನಿಯ ಗ್ರಿಮ್ ಸೋದರರ ಸಂಗ್ರಹದಲ್ಲೂ ಇರುವವಳು. ಹೆಂಡತಿ ಸತ್ತ ರಾಜ ಸ್ವಂತ ಮಗಳನ್ನೇ ಮದುವೆಯಾಗಲು ಹೊರಡುತ್ತಾನೆ. ಮಗಳು ಪ್ರಾಣಿಯ ಚರ್ಮ ಹೊದ್ದು, ಮುಖಕ್ಕೆ ಮಸಿ ಬಳಿದುಕೊಂಡು ಓಡಿಹೋಗಿ, ಬೇರೆ ಅರಮನೆಯ ಅಡುಗೆಮನೆಯಲ್ಲಿ ಕಸ ಮುಸುರೆಗೆ ನಿಲ್ಲುತ್ತಾಳೆ.

ಈ ಕತೆ ನಮಗೆ ಗೊತ್ತಿಲ್ಲದ್ದಲ್ಲ. ಎ.ಕೆ. ರಾಮಾನುಜನ್ ಬರೆದುಕೊಂಡು, 'ಕನ್ನಡದ ಸಿಂಡರೆಲ್ಲಾ' ಎಂದು ಹೊರಗಿನವರಿಗೆ ತೋರಿಸಿದ ಹಂಚಿಯ ಕತೆ ನೆನಪಿಸಿಕೊಳ್ಳಿ. ಚಿನ್ನದ ಕೂದಲಿನ ಹುಡುಗಿ. ಒಡಹುಟ್ಟಿದ ಅಣ್ಣನೇ ಅವಳ ಮೇಲೆ ಕಣ್ಣು ಹಾಕುತ್ತಾನೆ. ತಾಯಿ ಮಣ್ಣಿನ ಮುಖವಾಡ ಮಾಡಿಸಿ ಮಗಳ ಮುಖಕ್ಕೆ ತೊಡಿಸಿ ಮನೆಯಿಂದ ಕಳಿಸುತ್ತಾಳೆ. ಹಂಚಿನ ಮುಖ, ಅದಕ್ಕೇ ಹಂಚಿ. ಸಾಹುಕಾರರ ಮನೆಯ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಮನೆಯೊಳಗಿನ ಗಂಡಸಿನಿಂದ ತಪ್ಪಿಸಿಕೊಳ್ಳಲು ಮುಖ ಮುಚ್ಚಿಕೊಂಡು ದುಡಿಮೆಗೆ ಬಿದ್ದ ಹೆಣ್ಣು. ಜರ್ಮನಿಯಲ್ಲೂ ಅವಳೇ, ನಮ್ಮ ಬಯಲುಸೀಮೆಯಲ್ಲೂ ಅವಳೇ. ಅಜ್ಜಿಯರು ಇದನ್ನು ಮದುವೆ ಮಾಡಿಸಿ ಸುಖವಾಗಿ ಮುಗಿಸಿದರು. ಗೇಮ್ ಕೇಳುವುದು ಮದುವೆಯ ಆಮೇಲಿನದನ್ನು. ಗಂಡನಿಗೆ ಕೆಲಸ ಇಲ್ಲ, ಸೀಮೆ ಹೋಯಿತು, ರಾಜ್ಯ ಹೋಯಿತು, ಹೊಸ ಊರಲ್ಲಿ ಬಾಡಿಗೆ ಕಟ್ಟಬೇಕು. ಕತ್ತೆ ಚರ್ಮದ ಹುಡುಗಿ ಈಗ ಏನು ಮಾಡಬೇಕು?

ನಮ್ಮಲ್ಲಿ ಒಬ್ಬರಿಗೆ ಈ ಪ್ರಶ್ನೆ ನೇರವಾಗಿ ಬಡಿಯಿತು. ಯಾಕೆಂದರೆ ಅಂಥದ್ದೊಂದು ಸುದ್ದಿ ನಾವೇ ಬರೆದಿದ್ದೆವು. ಕೆಲವು ವರ್ಷಗಳ ಹಿಂದೆ, ನಮ್ಮ ತಾಲ್ಲೂಕಿನ ಅಂಚಿನ ಹೊಲದ ಬಾವಿಯಲ್ಲಿ ಒಂದು ಶವ. ಮೂವತ್ತರ ಒಳಗಿನ ಹೆಣ್ಣುಮಗಳು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಬಂದಿದ್ದವಳು. ಠಾಣೆಯಲ್ಲಿ ಯುಡಿಆರ್ ಆಯಿತು. ನಾವು ಮನೆಗೆ ಹೋದೆವು. ತಾಯಿ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮುಂದಿಟ್ಟಳು. ಒಳಗೆ ಎರಡು ಸಂಘದ ಪಾಸ್‌ಬುಕ್ಕು, ಒಂದು ಫೈನಾನ್ಸಿನ ಕಾರ್ಡು, ಮೀಟರ್ ಬಡ್ಡಿಯವನು ಬರೆದುಕೊಟ್ಟ ಚೀಟಿಗಳು. ವಾರದ ಕಂತಿನವರು ಮನೆ ಮುಂದೆ ಬಂದು ಕೂರುತ್ತಿದ್ದರು ಎಂದಳು. ಎಲ್ಲವನ್ನೂ ಬರೆದು ಕಳಿಸಿದೆವು. ಮೂವತ್ತು ಸಾಲು ಇತ್ತು. ಮಾರನೇ ದಿನ ಐದನೇ ಪುಟದಲ್ಲಿ ನಾಲ್ಕು ಸಾಲು ಬಂತು. ಪಾಸ್‌ಬುಕ್ಕಿಲ್ಲ, ಬಡ್ಡಿಯಿಲ್ಲ. ನಾವು ಬರೆಯದ ಎರಡು ಪದ ಮಾತ್ರ ಸೇರಿತ್ತು: 'ಅನೈತಿಕ ಸಂಬಂಧ'ದ ಶಂಕೆ ಅಂತ. ಕೆಳಗೆ ನಮ್ಮ ಊರಿನ ಡೇಟ್‌ಲೈನ್.

ಆ ತಾಯಿಗೆ ಓದು ಬರುವುದಿಲ್ಲ. ಪಕ್ಕದ ಮನೆಯವರು ಓದಿ ಹೇಳಿದರು. ಮುಂದಿನ ಮೂರು ತಿಂಗಳು ನಾವು ಆ ಊರಿನ ದಾರಿಯಲ್ಲಿ ಬೈಕ್ ಓಡಿಸಲಿಲ್ಲ.

ಡೆಸ್ಕಿನವರನ್ನು ಕೇಳಿದ್ದೆವು. ಕೊಲೆ, ಸಾವು ಎಂದರೆ ಓದುಗ ಮೊದಲು ಕೇಳುವುದು 'ಯಾಕೆ' ಅಂತ. ಒಂದು ಕಾರಣ ಕೊಡದಿದ್ದರೆ ಸುದ್ದಿ ಪೂರ್ತಿಯಾಗಲ್ಲ. ಸಾಲ ಅಂದರೆ ದಾಖಲೆ ಬೇಕು, ಫೈನಾನ್ಸಿನವರು ನೋಟಿಸ್ ಕೊಡುತ್ತಾರೆ. ಸತ್ತವಳು ನೋಟಿಸ್ ಕೊಡುವುದಿಲ್ಲವಲ್ಲ! ಈ ಕೊನೆಯ ಮಾತನ್ನು ಅವರು ಹೇಳಲಿಲ್ಲ. ಅರ್ಥ ಅದೇ ಇತ್ತು.

ಈಗ ತೋಳನ ತನಿಖೆ ನೋಡಿ. ಫೇಯ್ತ್ ಸತ್ತಳು. ಮೊದಲು ಅನುಮಾನ ಗಂಡನ ಮೇಲೆ, ಆಮೇಲೆ ಹೊಡೆದ ಮರಕಡಿಯುವವನ ಮೇಲೆ. ಎಲ್ಲ ಠಾಣೆಯೂ ಹಿಡಿಯುವ ದಾರಿ. ಎರಡನೇ ತಲೆ ಬೀಳುತ್ತದೆ. ನೋಡಿದರೆ ಸ್ನೋ ವೈಟ್ ಮುಖ. ಊರೆಲ್ಲ ನಡುಗುತ್ತದೆ. ಮಾಟ ಇಳಿದ ಮೇಲೆ ಅದು ಲಿಲಿ ಎಂಬ ಟ್ರೋಲ್ ಹೆಣ್ಣು ಅಂತ ಗೊತ್ತಾಗುತ್ತದೆ. ಗಿರಾಕಿಯೊಬ್ಬನ ಆಸೆಗಾಗಿ ಸ್ನೋ ವೈಟ್ ವೇಷ ಹಾಕಿದ್ದವಳು. ಆ ಗಿರಾಕಿ ಬೇರೆ ಯಾರೂ ಅಲ್ಲ, ಉಪಮೇಯರ್ ಕ್ರೇನ್ ಸಾಹೇಬರೇ. ಲಿಲಿಯ ಅಕ್ಕ ಹಾಲಿ ಒಂದು ಬಾರ್ ನಡೆಸುತ್ತಾಳೆ. ಸಾವಿನ ಸುದ್ದಿ ಹೇಳಲು ಹೋದರೆ ಅವಳು ಎತ್ತುವ ಮೊದಲ ಮಾತು, ತಂಗಿ ಕಾಣೆಯಾಗಿದ್ದಾಳೆಂದು ನಿಮ್ಮ ಕಚೇರಿಗೆ ತಿಳಿಸಿದಾಗ ಯಾರು ತಿರುಗಿ ನೋಡಿದಿರಿ ಎಂಬುದು. ಸ್ನೋ ವೈಟ್ ಸತ್ತಳು ಅಂದಾಗ ನಡುಗಿದ ಊರು ಲಿಲಿ ಅಂದಾಗ ಉಸಿರು ಬಿಟ್ಟಿತಲ್ಲ, ಆ ಉಸಿರಿನ ಸದ್ದು ನಮಗೆ ಚೆನ್ನಾಗಿ ಗೊತ್ತು. ಅದು ಮೊದಲ ಪುಟದಿಂದ ಐದನೇ ಪುಟಕ್ಕೆ ಸುದ್ದಿ ಇಳಿಯುವ ಸದ್ದು.

ಆಮೇಲೆ ಕತೆ ಪೂರ್ತಿ ಲೆಕ್ಕದ ಪುಸ್ತಕದ ಹಿಂದೆ ಹೋಗುತ್ತದೆ. ಬ್ಯೂಟಿ ಗಂಡನಿಗೆ ಹೇಳದೆ ಲಾಡ್ಜಿನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತಿದ್ದಾಳೆ. ಬೀಸ್ಟ್ ಹೆಂಡತಿಗೆ ಹೇಳದೆ ಮಾಂಸದಂಗಡಿಯಲ್ಲಿ. ಒಳ್ಳೇ ಅಪಾರ್ಟ್‌ಮೆಂಟಿನಲ್ಲಿ ಇರುವವರು, ಆದರೆ ಇಬ್ಬರೂ ಸಾಲಗಾರರು. ಮಾಂಸದಂಗಡಿಯವನ ಹಿಂಬದಿಯ ಕೋಣೆ ಅವನ ಕೈಯಲ್ಲಿಲ್ಲ, ಅಲ್ಲಿ ಕಳ್ಳ ಮಾಟ ತಯಾರಾಗುತ್ತದೆ. ಗಿರವಿ ಅಂಗಡಿ, ಹೆಂಗಸರು ಕುಣಿಯುವ ಕ್ಲಬ್, ಲಾಡ್ಜು, ಎಲ್ಲದರ ದಾರ ಒಬ್ಬನ ಕೈಯಲ್ಲಿ. ಅವನೇ ಡೊಂಕ ಮನುಷ್ಯ, ಕ್ರೂಕೆಡ್ ಮ್ಯಾನ್. ಇಂಗ್ಲಿಷ್ ಶಿಶುಪ್ರಾಸದಿಂದ ಎದ್ದು ಬಂದವನು. ಊರ ಕಚೇರಿಯ ದುಡ್ಡನ್ನು ಗುಳುಂ ಮಾಡಿದ ಕ್ರೇನ್ ಸಾಹೇಬರೂ ಇವನ ಖಾತೆಯಲ್ಲೇ ಇದ್ದಾರೆ. ಕ್ಲಬ್ಬಿನ ಹೆಂಗಸರ ಕುತ್ತಿಗೆಗೆ ಒಂದೊಂದು ರಿಬ್ಬನ್. ಅದು ಇರುವ ತನಕ ಅವರು ಒಳಗಿನ ವಿಷಯ ಹೊರಗೆ ಹೇಳಲಾರರು. ಬಿಚ್ಚಿದರೆ ತಲೆ ಬೀಳುತ್ತದೆ. ಫೇಯ್ತ್ ತುಟಿಗೆ ಬಿದ್ದ ಬೀಗ ಇದೇ. ಒಂದು ಮಾಟದ ರಿಬ್ಬನ್ನಿನಲ್ಲಿ ಇಡೀ ಬಡ್ಡಿ ವ್ಯವಹಾರದ ಗುಟ್ಟು ಕಟ್ಟಿಟ್ಟಿದ್ದಾರೆ. ಸಾಲಗಾರ ಬಾಯಿ ಬಿಡುವುದಿಲ್ಲ, ಬಿಟ್ಟರೆ ಉಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಕಿರುಸಾಲದವರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂದದ್ದು 2025ರ ಫೆಬ್ರುವರಿಯಲ್ಲಿ. ಅದಕ್ಕೆ ಮುಂಚೆ ಎಷ್ಟು ನಾಲ್ಕು ಸಾಲಿನ ಸುದ್ದಿ ಬಂದು ಹೋದವು, ನಿಮ್ಮ ನಿಮ್ಮ ಊರಿನ ಹಳೇ ಪೇಪರ್ ಬಂಡಲ್ ಬಿಚ್ಚಿ ನೋಡಿ.

ಈ ಗೇಮಿನ ಮೇಲೆ ಆಟಗಾರರ ಒಂದು ದೊಡ್ಡ ದೂರಿದೆ. ಇಂಗ್ಲಿಷಿನಲ್ಲೂ ಕೇಳಿದ್ದೇವೆ, ನಮ್ಮ ಬೆಂಗಳೂರು ಗೆಳೆಯರ ಬಾಯಲ್ಲೂ ಕೇಳಿದ್ದೇವೆ. 'ನಾವು ಏನು ಆರಿಸಿದರೂ ಕತೆ ಅಲ್ಲಿಗೇ ಹೋಗುತ್ತೆ. ಆಯ್ಕೆ ಅನ್ನೋದೇ ಮೋಸ.' ಟೆಲ್‌ಟೇಲ್ ಗೇಮುಗಳಲ್ಲಿ ಮಾತುಕತೆ ನಡುವೆ ನಾಲ್ಕು ಉತ್ತರ ತೋರಿಸುತ್ತಾರೆ, ಕೆಳಗೆ ಸಮಯದ ಪಟ್ಟಿ ಕರಗುತ್ತಿರುತ್ತದೆ, ಅಷ್ಟರಲ್ಲಿ ಒಂದನ್ನು ಆರಿಸಬೇಕು. ಸುಮ್ಮನಿದ್ದರೆ ಸುಮ್ಮನಿದ್ದದ್ದೂ ಒಂದು ಉತ್ತರ. ಪ್ರತಿ ಕಂತು ಮುಗಿದ ಮೇಲೆ ಉಳಿದ ಆಟಗಾರರಲ್ಲಿ ಶೇಕಡ ಎಷ್ಟು ಜನ ಏನು ಆರಿಸಿದರು ಎಂದು ತೋರಿಸುತ್ತಾರೆ. ಹೀಗಿದ್ದೂ ಕೊಲೆಗಾರ ಬದಲಾಗುವುದಿಲ್ಲ, ಸತ್ತವರು ಏಳುವುದಿಲ್ಲ, ಡೊಂಕ ಮನುಷ್ಯನ ತನಕ ಎಲ್ಲರೂ ಬಂದೇ ಬರುತ್ತಾರೆ.

ಬರಲಿ. ಅದರಲ್ಲೇನು ಮೋಸ? ಈ ದೂರು ಕೊಡುವವರು ತಮ್ಮ ಬಟನ್ ಒತ್ತಿದರೆ ಪ್ರಪಂಚ ಬಾಗಬೇಕು ಎಂದುಕೊಂಡವರು. ಬದುಕಿನಲ್ಲಿ ಬಹಳ ಸಲ ಬಾಗಿರಬೇಕು ಪಾಪ, ಅದಕ್ಕೇ ಅಭ್ಯಾಸ. ತಾಲ್ಲೂಕು ಕಚೇರಿ ಸಾಲಿನಲ್ಲಿ ನಿಂತು ಬೆಳೆದವರಿಗೆ ಈ ಬೇಜಾರು ಅರ್ಥವಾಗುವುದಿಲ್ಲ. ಮೊದಲ ಕಂತಿನಲ್ಲಿ ಒಂದು ಕವಲಿದೆ. ಟೋಡ್ ಫೋನ್ ಮಾಡುತ್ತಾನೆ, ಮನೆಗೆ ಯಾರೋ ನುಗ್ಗಿದ್ದಾರೆ ಬಾ ಅಂತ. ಇನ್ನೊಂದು ಕಡೆ ಫೇಯ್ತ್‌ಳ ಗಂಡ ಲಾರೆನ್ಸ್ ಒಬ್ಬನೇ ಇದ್ದಾನೆ. ಮೊದಲು ಎಲ್ಲಿಗೆ? ನಾವು ಟೋಡ್ ಮನೆಗೆ ಹೋದೆವು. ಅಲ್ಲಿ ಒಂದು ಚಿಕ್ಕ ಮಗು ಇದೆಯಲ್ಲ ಅಂತ. ಮುಗಿಸಿ ಲಾರೆನ್ಸ್ ರೂಮಿಗೆ ಹೋದರೆ ಕುರ್ಚಿಯಲ್ಲಿ ಹೆಣ. ಮೊದಲು ಅಲ್ಲಿಗೆ ಹೋಗಿದ್ದರೆ ಬದುಕಿರುತ್ತಿದ್ದ. ಊರಿನ ಕತೆಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ನಿಜ. ಲಾರೆನ್ಸನಿಗೆ ಇದೆ.

ಸ್ಟ್ರಿಂಗರ್ ಕೆಲಸ ಮಾಡಿದವರು ಈ ಕವಲನ್ನು ದಿನಾ ನೋಡುತ್ತೇವೆ. ಬೆಳಿಗ್ಗೆ ಎರಡು ಫೋನು. ಒಂದು ಕಡೆ ಶಾಸಕರ ಗುದ್ದಲಿ ಪೂಜೆ, ಹೋಗದಿದ್ದರೆ ಜಾಹೀರಾತು ನಿಲ್ಲುತ್ತದೆ. ಇನ್ನೊಂದು ಕಡೆ ಯಾರೋ ಅಂಗನವಾಡಿ ಮುಂದೆ ಕೂತು ಅಳುತ್ತಿದ್ದಾರೆ. ಬೈಕಿಗೆ ಒಂದೇ ಲೀಟರ್ ಪೆಟ್ರೋಲ್. ನಾವು ಯಾವ ಕಡೆ ಹೋದರೂ ಸರ್ಕಾರ ಬೀಳುವುದಿಲ್ಲ, ಡೊಂಕ ಮನುಷ್ಯರ ಲೆಕ್ಕದ ಪುಸ್ತಕ ಹರಿಯುವುದಿಲ್ಲ. ಆದರೂ ಎಲ್ಲಿಗೆ ಹೋದಿರಿ ಎಂಬುದು ಉಳಿಯುತ್ತದೆ. ಊರೂರು ನೆನಪಿಟ್ಟುಕೊಂಡಿರುತ್ತದೆ. ಯಾರು ಇದನ್ನು ನೆನಪಿಡುತ್ತಾರೆ ಎಂದು ಪರದೆಯ ಮೂಲೆಯಲ್ಲಿ ಗೇಮ್ ತೋರಿಸುತ್ತದೆ. ನಮಗೆ ಅಂಥ ಸೌಲಭ್ಯ ಇಲ್ಲ.

ಕೊನೆಯ ಕಂತಿನ ವಿಚಾರಣೆಯ ಬಗ್ಗೆ ಇನ್ನೂ ಬರೆಯಬೇಕು. ಡೊಂಕ ಮನುಷ್ಯನನ್ನು ಎಳೆದು ತಂದು ಕಚೇರಿಯ ಬಾವಿಕಟ್ಟೆಯ ಮುಂದೆ ನಿಲ್ಲಿಸಿದ್ದಾರೆ. ಊರವರೆಲ್ಲ ಸೇರಿದ್ದಾರೆ. ಒಂದು ರೀತಿ ಪಂಚಾಯ್ತಿ. ಅಲ್ಲಿ ಅವನು ಹೆದರುವುದಿಲ್ಲ. ನಯವಾಗಿ ಮಾತಾಡುತ್ತಾನೆ. ನೀವು ಕಚೇರಿ ಬಾಗಿಲಲ್ಲಿ ನಿಂತಾಗ ಇವರು ಕೊಟ್ಟರಾ? ನಾನು ಕೊಟ್ಟೆ. ಕೆಲಸ ಬೇಕೆಂದವರಿಗೆ ಕೆಲಸ, ಸಾಲ ಬೇಕೆಂದವರಿಗೆ ಸಾಲ. ಹೀಗೆ ಹೇಳಿದಾಗ ಸೇರಿದವರಲ್ಲಿ ಕೆಲವರು ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆಗೇ ಈ ಗೇಮಿಗೆ ಕೊಟ್ಟ ದುಡ್ಡು ಬಂತು. ಯಾಕೆಂದರೆ ಅದು ಸುಳ್ಳಲ್ಲ. ಬ್ಯಾಂಕಿನವರು ಜಾಮೀನು ಕೇಳಿ ವಾಪಸು ಕಳಿಸಿದ ದಿನ ರಾತ್ರಿ ಮನೆಗೆ ಬಂದು ನಗದು ಎಣಿಸಿಕೊಟ್ಟವನು ಬಡ್ಡಿಯವನೇ. ಅವನನ್ನು ರಾಕ್ಷಸ ಎಂದುಬಿಟ್ಟರೆ ವರದಿ ಸುಲಭ, ಆದರೆ ಊರಲ್ಲಿ ಅವನಿಗೆ ಯಾಕೆ ಇನ್ನೂ ನಮಸ್ಕಾರ ಬೀಳುತ್ತದೆ ಎಂದು ಆ ವರದಿ ಹೇಳಲಾರದು.

ಕೊಲೆ ಮಾಡಿದ ಕೈ ಕ್ಲಬ್ಬಿನ ಜಾರ್ಜಿಯದು. ಆದರೆ ಯಾರು ಹೇಳಿದ್ದು? ನೀನೇ ಹೇಳಿದೆ ಎನ್ನುತ್ತಾನೆ ಜಾರ್ಜಿ. ಸಮಸ್ಯೆ ನೋಡಿಕೋ ಎಂದೆ, ಕೊಲ್ಲು ಎಂದೆನಾ ಎನ್ನುತ್ತಾನೆ ಡೊಂಕ. 'ಸ್ವಲ್ಪ ನೋಡ್ಕೊಳ್ಳಿ.' ಈ ಎರಡು ಪದದಲ್ಲಿ ನಮ್ಮ ಜಿಲ್ಲೆಗಳಲ್ಲಿ ಏನೇನು ನಡೆದಿದೆ ಎಂದು ಠಾಣೆ ಬಾಗಿಲು ಕಾದವರಿಗೆ ಹೇಳಬೇಕಾಗಿಲ್ಲ. ಎಫ್‌ಐಆರ್‌ನಲ್ಲಿ ಅದು ಬರುವುದಿಲ್ಲ. ನೆರಿಸ್ಸಾ ಎಂಬವಳು, ಕತೆಯ ಮತ್ಸ್ಯಕನ್ಯೆ, ಮುಂದೆ ಬಂದು ಸಾಕ್ಷಿ ಹೇಳುತ್ತಾಳೆ. ಅದರ ಮೇಲೇ ತೀರ್ಪು ನಿಲ್ಲುತ್ತದೆ. ಕೊಲ್ಲಬಹುದು, ಬಾವಿಗೆ ಎಸೆಯಬಹುದು, ಸೆರೆಯಲ್ಲಿಡಬಹುದು, ಅದು ಆಡುವವರಿಗೆ ಬಿಟ್ಟಿದ್ದು. ಎಲ್ಲ ಮುಗಿದ ಮೇಲೆ ನೆರಿಸ್ಸಾ ಬಿಗ್ಬಿಗೆ ಹೇಳುತ್ತಾಳೆ, ನಾನು ಹೇಳಿದ್ದು ಪೂರ್ತಿ ನಿಜವಲ್ಲ ಅಂತ. ನಿಜ ಹೇಳಿದ್ದರೆ ಅವನು ಬಿಟ್ಟುಹೋಗುತ್ತಿದ್ದ. ನಾವು ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಬಹಳ ಹೊತ್ತು ಜಗಳವಾಡಿದೆವು. ಡಿಪ್ಲೊಮಾದಲ್ಲಿ ಕಲಿಸಿದ ಸತ್ಯ, ನಿಷ್ಪಕ್ಷಪಾತ ಎಲ್ಲವನ್ನೂ ಎಳೆದು ತಂದೆವು. ಒಬ್ಬರು ನೆರಿಸ್ಸಾ ತಪ್ಪು ಎಂದರು, ಇನ್ನೊಬ್ಬರು ನೀನು ಯಾವತ್ತು ಸಾಕ್ಷಿ ಹೇಳಿದ್ದೀಯ ಎಂದರು. ಇನ್ನೂ ಬಗೆಹರಿದಿಲ್ಲ.

ಗೇಮನ್ನು ಪೂರ್ತಿ ಹೊಗಳಲು ಕೂತಿಲ್ಲ. ಸತ್ತ ಹೆಣ್ಣಿನ ತಲೆ ತೋರಿಸಿ ಕತೆ ಶುರು ಮಾಡುವುದು ಪತ್ತೇದಾರಿ ಕತೆಗಳ ಹಳೇ ಚಾಳಿ. ಇದೂ ಅದನ್ನು ಬಿಟ್ಟಿಲ್ಲ. ಫೇಯ್ತ್‌ಗೆ ಮಾತಾಡಲು ಕೆಲವು ನಿಮಿಷ ಕೊಟ್ಟಿದ್ದಾರೆ, ಲಿಲಿಗೆ ಅದೂ ಇಲ್ಲ. ಹೆಣವಾಗಿಯೇ ಬರುತ್ತಾಳೆ, ಅದೂ ಬೇರೆಯವಳ ಮುಖದಲ್ಲಿ. ಕ್ಲಬ್ಬಿನ ದೃಶ್ಯದಲ್ಲಿ ಕ್ಯಾಮೆರಾ ನಿಂತ ಜಾಗ ನೋಡಿದರೆ ಮಾಡಿದವರ ಕಣ್ಣು ಅಲ್ಲಲ್ಲಿ ಗಿರಾಕಿಯ ಕಣ್ಣೇ. ಹೊಡೆದಾಟ ಬಂದಾಗ ತೋರಿಸಿದ ಬಟನನ್ನು ಟಕಟಕ ಒತ್ತಬೇಕು, ಬೇಜಾರು. ಬಿಗ್ಬಿ ಎಷ್ಟೇ ನೊಂದುಕೊಂಡರೂ ಕೊನೆಗೆ ಕೋಪ ಬಂದ ಗಂಡಸಿನ ಮುಷ್ಟಿಯಿಂದಲೇ ದಾರಿ ತೆರೆಯುತ್ತದೆ. ಪಿಎಸ್‌ಐ ಸಿನಿಮಾ ನೋಡಿ ಬೆಳೆದ ನಮಗೆ ಇದು ಅಪಾಯ ಎಂದು ಗೊತ್ತಿದೆ. ಚಿತ್ರಗಳು ಮಾತ್ರ ಕಾಮಿಕ್ಸ್ ಪುಟದ ಹಾಗೇ ಕಪ್ಪು ಗೆರೆ, ನೇರಳೆ ಬೆಳಕು. ಹಳೇ ಬಾಲಮಂಗಳ ಓದಿದ ಕಣ್ಣಿಗೆ ಕೂಡಲೇ ಒಗ್ಗುತ್ತದೆ. ಕನ್ನಡ ಅಕ್ಷರ ಒಂದೂ ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದುವಷ್ಟರಲ್ಲಿ ಸಮಯದ ಪಟ್ಟಿ ಮುಗಿದು, ಎಷ್ಟೋ ಸಲ ನಮ್ಮ ತೋಳ ಮೌನಿಯಾದ. ಜನ ಅದನ್ನು ಗಾಂಭೀರ್ಯ ಎಂದುಕೊಂಡಿರಬೇಕು.

ದೊಡ್ಡ ತಕರಾರು ಇರುವುದು ಗೇಮ್ ಮಾಡಿದ ಕಂಪನಿಯ ಮೇಲೆ. ಬಡವರನ್ನು ಊರಾಚೆ ಸಾಗಿಸುವ ಕಚೇರಿಯ ಬಗ್ಗೆ ಇಷ್ಟು ಚೆನ್ನಾಗಿ ಕತೆ ಹೇಳಿದ ಟೆಲ್‌ಟೇಲ್ ತನ್ನ ಮನೆಯಲ್ಲಿ ಏನು ಮಾಡಿತು? ಹೊತ್ತುಗೊತ್ತಿಲ್ಲದೆ ದುಡಿಸಿಕೊಳ್ಳುತ್ತಿದ್ದರು ಎಂದು ಅಲ್ಲಿನ ನೌಕರರೇ ಪತ್ರಕರ್ತರಿಗೆ ಹೇಳಿದರು. 2017ರ ನವೆಂಬರಿನಲ್ಲಿ 90 ಜನರನ್ನು ಮನೆಗೆ ಕಳಿಸಿತು. 2018ರ ಸೆಪ್ಟೆಂಬರ್ 21ರಂದು ಒಂದೇ ಏಟಿಗೆ ಸುಮಾರು 250 ಜನರನ್ನು. ಉಳಿಸಿಕೊಂಡದ್ದು 25 ಜನರನ್ನು. ಹೋದವರಿಗೆ ಪರಿಹಾರ ಅಂತ ಒಂದು ಡಾಲರ್ ಇಲ್ಲ. ಆರೋಗ್ಯ ವಿಮೆ ಆ ತಿಂಗಳ ಕೊನೆಯ ತನಕ, ಅಂದರೆ ಒಂಬತ್ತು ದಿನ. ಮುಂಚಿತವಾಗಿ ನೋಟಿಸ್ ಕೊಡಬೇಕೆಂಬ ಕಾನೂನು ಮುರಿದಿದ್ದಾರೆ ಎಂದು ನೌಕರರ ಪರ ಕೋರ್ಟಿಗೆ ದಾವೆ ಬಿತ್ತು. ಇದೇ ಗೇಮಿನ ಎರಡನೇ ಭಾಗ ಘೋಷಣೆಯಾಗಿತ್ತು, ಅದೂ ಅಲ್ಲೇ ಸತ್ತಿತು. ಮರುವರ್ಷ ಬೇರೆ ಹೂಡಿಕೆದಾರರು ಟೆಲ್‌ಟೇಲ್ ಎಂಬ ಹೆಸರನ್ನು ಕೊಂಡು, 2019ರ ಡಿಸೆಂಬರಿನಲ್ಲಿ ಎರಡನೇ ಭಾಗವನ್ನು ಮತ್ತೆ ಘೋಷಿಸಿದರು. ಜನರನ್ನು ಬಿಟ್ಟು ಹೆಸರನ್ನು ಮಾತ್ರ ಕೊಳ್ಳಬಹುದು ನೋಡಿ. ಮೇಲೆ ಗ್ಲಾಮರ್ ಹಾಕಿದರಾಯಿತು.

ಇದನ್ನು ಓದಿ ನಮ್ಮ ಗುಂಪಿನ ಸ್ಟ್ರಿಂಗರುಗಳು ನಕ್ಕರು. ಪಾಪ, ಅವರಿಗೆ ಒಂಬತ್ತು ದಿನದ ವಿಮೆ ಆದರೂ ಇತ್ತು ಅಂತ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಕೂಲಿ, ಐಡಿ ಕಾರ್ಡ್ ಪ್ರತಿ ವರ್ಷ ಬೇಡಿ ಪಡೆಯಬೇಕು, ಬೈಕಿನಿಂದ ಬಿದ್ದರೆ 'ಅವರು ನಮ್ಮ ಸಿಬ್ಬಂದಿಯಲ್ಲ'. ನಕ್ಕವರೇ ಆಮೇಲೆ ಸುಮ್ಮನಾದರು.

ಇನ್ನೂ ಒಂದು ತಿರುವಿದೆ. 2023ರ ಸೆಪ್ಟೆಂಬರಿನಲ್ಲಿ ಬಿಲ್ ವಿಲ್ಲಿಂಗ್‌ಹ್ಯಾಮ್ ಡಿಸಿ ಕಂಪನಿಯ ಜೊತೆಗಿನ ಕರಾರಿನ ಜಗಳದಲ್ಲಿ ರೋಸಿಹೋಗಿ, 'ಫೇಬಲ್ಸ್' ಇಂದಿನಿಂದ ಸಾರ್ವಜನಿಕರ ಆಸ್ತಿ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಘೋಷಿಸಿಬಿಟ್ಟರು. ಹಾಗೆ ಹೇಳಲು ಬರುವುದಿಲ್ಲ, ಹಕ್ಕು ನಮ್ಮದು ಎಂದು ಡಿಸಿ ಹೇಳಿತು. ಕಾನೂನು ಏನೇ ಇರಲಿ, ನಮಗೆ ಇಲ್ಲಿ ಬೇರೆಯೇ ಒಂದು ಹೊಟ್ಟೆಯುರಿ. ಗ್ರಿಮ್ ಸೋದರರಿಗೆ ನಲವತ್ತರಷ್ಟು ಕತೆ ಹೇಳಿದವಳು ಡೊರೊಥಿಯಾ ಫೀಮನ್. ದರ್ಜಿಯ ಹೆಂಡತಿ, ಕಾಸೆಲ್ ಊರಿಗೆ ತರಕಾರಿ ಮಾರಲು ಬರುತ್ತಿದ್ದವಳು. ಬಡತನದಲ್ಲೇ ಸತ್ತಳು. ಅವಳ ಬಾಯಿಂದ ಗ್ರಿಮ್‌ಗೆ, ಗ್ರಿಮ್‌ನಿಂದ ವಿಲ್ಲಿಂಗ್‌ಹ್ಯಾಮ್‌ಗೆ, ಅಲ್ಲಿಂದ ಡಿಸಿಗೆ, ಡಿಸಿಯಿಂದ ಟೆಲ್‌ಟೇಲ್‌ಗೆ. ಗೇಮ್ ಗೆದ್ದ ಮೇಲೆ ಅದರ ಕತೆಯನ್ನೇ ತಿರುಗಿ ಕಾಮಿಕ್ಸ್ ಮಾಡಿ ಮಾರಿದರು. ಕೈ ಬದಲಾದ ಪ್ರತಿ ಸಲವೂ ಒಂದು ಕರಾರು ಪತ್ರ ಬರೆದುಕೊಂಡರು, ಮೊದಲ ಕೈಯೊಂದನ್ನು ಬಿಟ್ಟು. ಹಂಚಿಯ ಕತೆ ಹೇಳಿದ ಅಜ್ಜಿಗೂ ಕರಾರು ಇರಲಿಲ್ಲ. ನಾಳೆ ಯಾರಾದರೂ ಹಂಚಿಯನ್ನು ಗೇಮ್ ಮಾಡಿದರೆ, ಮಾಡಲಿ ಎಂಬುದೇ ನಮ್ಮ ಆಸೆ, ಅವಳ ಮುಖವಾಡಕ್ಕೆ ಟ್ರೇಡ್‌ಮಾರ್ಕ್ ಹಾಕಿಸುವವರು ಮಾತ್ರ ಮೊದಲೇ ಸಾಲಿನಲ್ಲಿ ನಿಂತಿರುತ್ತಾರೆ.

ಡೆಸ್ಕಿಗೆ ಒಂದು ಮಾತು. ನೀವು ಗೇಮಿಗೆ ಜಾಗ ಕೊಡದಿದ್ದರೆ ಅದಕ್ಕೇನೂ ನಷ್ಟವಿಲ್ಲ. ನಮಗೂ ಆ ಮುನ್ನೂರು ಪದದ ಕೂಲಿ ಬಹಳವೇನಲ್ಲ. ಆದರೆ ಕ್ರೈಂ ಡೆಸ್ಕಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರನ್ನು ಒಂದು ವಾರ ಈ ಗೇಮಿನ ಮುಂದೆ ಕೂರಿಸಿ. ಹೆಣ ಬಿದ್ದಾಗ ಅವಳು ಯಾರ ಜೊತೆ ಮಲಗಿದ್ದಳು ಎಂದು ಕೇಳುವ ಮೊದಲು ಯಾರಿಗೆ ಎಷ್ಟು ಕೊಡಬೇಕಾಗಿತ್ತು ಎಂದು ಕೇಳಲು ಒಂದು ತೋಳ ಕಲಿತಿದೆ. ಕಾಣೆಯಾದವರ ದೂರು ಕೊಟ್ಟವರ ಹೆಸರು, ತಾರೀಕು ಬರೆದಿಟ್ಟುಕೊಳ್ಳಲು ಕಲಿತಿದೆ. 'ಅನೈತಿಕ' ಎಂಬ ಪದ ಆ ಐದು ಕಂತಿನಲ್ಲಿ ಯಾರ ತನಿಖೆಯಲ್ಲೂ ಬೇಕಾಗಲಿಲ್ಲ.

ಮೊನ್ನೆ ಆ ಊರಿಗೆ ಹೋಗಿದ್ದೆವು. ತಾಯಿ ಗುರುತು ಹಿಡಿದಳು. ಬಾ ಕೂತ್ಕೊ ಎನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾವು ಜಗಲಿ ಮೇಲೆ ಕೂತೆವು. ಕೊನೆಗೆ ಒಳಗೆ ಹೋಗಿ ಅದೇ ಪ್ಲಾಸ್ಟಿಕ್ ಕವರ್ ತಂದಿಟ್ಟಳು. ಚೀಟಿಗಳು ಹಾಗೇ ಇವೆ, ಒಂದೆರಡರ ಶಾಯಿ ಮಾಸಿದೆ. ಈ ಸಲ ಎಲ್ಲದರ ಫೋಟೊ ತೆಗೆದುಕೊಂಡಿದ್ದೇವೆ, ಮೊತ್ತ ಕೂಡಿಸಿದ್ದೇವೆ, ಆಕೆಯ ಒಪ್ಪಿಗೆಯನ್ನೂ ಕೇಳಿದ್ದೇವೆ. ಹೆಸರು ಹಾಕಬೇಡಿ, ಬಡ್ಡಿ ಎಷ್ಟು ಅಂತ ಹಾಕಿ ಎಂದಳು. ಆ ಮೂವತ್ತು ಸಾಲು ಮುಂದಿನ ವಾರ ಇದೇ ಬ್ಲಾಗಿನಲ್ಲಿ ಬರುತ್ತದೆ, ಒಂದೂ ಕತ್ತರಿಸದೆ.